ಎಚ್. ನರಸಿಂಹಯ್ಯ ಅವರು ಬಾಬಾಗೆ ಪತ್ರ ಬರೆದದ್ದು ಬಿಟ್ಟು ಇನ್ನೇನು ಮಾಡಿದರು?

ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆಗಿದ್ದಾಗ ನರಸಿಂಹಯ್ಯನವರು ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದದ್ದು ಗೊತ್ತು, ಅದು ಬಿಟ್ಟು ಬೇರೇನಾದರೂ ಮಾಡಿದ್ದಾರಾ ಅಂತ ಕೇಳಿದ್ದೀರಿ. ನಾನು ಬಸವನಗುಡಿ ಕಡೆಯವನು. ನಮಗೆಲ್ಲ ಅವರು ಎಚ್ಚೆನ್. ಬಿಳಿ ಪಂಚೆ, ಖಾದಿ ಜುಬ್ಬ, ಗಾಂಧಿ ಟೋಪಿ. ನನ್ನ ಕೇಳಿದರೆ ಅವರು ಮೊದಲು ಫಿಸಿಕ್ಸ್ ಮೇಷ್ಟ್ರು, ಆಮೇಲೆ ಉಳಿದದ್ದೆಲ್ಲ.

ಊರು ಗೌರಿಬಿದನೂರು ತಾಲ್ಲೂಕಿನ ಹೊಸೂರು. ಮನೆಯಲ್ಲಿ ಬಡತನ. 1935ರಲ್ಲಿ ಹೈಸ್ಕೂಲು ಓದೋಕೆ ಊರಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಸೇರಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡದಲ್ಲಿ ಹೇಳಿದ್ದು ಈ ಹುಡುಗನೇ. ಮೈಮೇಲಿನ ಖಾದಿ ಕೊನೇವರೆಗೂ ಹೋಗಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ 1942ರ ಚಳವಳಿ ಬಂತು. ಓದು ಬಿಟ್ಟು ಜೈಲಿಗೆ ಹೋದರು. ಆಚೆ ಬಂದು ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್ ಆದರು. ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿದ್ದು 1960ರಲ್ಲಿ. ಅಲ್ಲೇ ಉಳಿದಿದ್ದರೆ ಯಾರೂ ತಪ್ಪು ಅಂತಿರಲಿಲ್ಲ. ವಾಪಸ್ ಬಂದು ಅದೇ ಕಾಲೇಜಿಗೆ ಪ್ರಿನ್ಸಿಪಾಲ್ ಆದರು.

ವಾಸ ಎಲ್ಲಿ ಗೊತ್ತಾ? ಕಾಲೇಜು ಹಾಸ್ಟೆಲ್ಲಿನ ಒಂದು ರೂಮಿನಲ್ಲಿ. ಮದುವೆ ಆಗಲಿಲ್ಲ. ಮೇಷ್ಟ್ರಾದಾಗಲೂ ಅಲ್ಲೇ, ವೈಸ್ ಚಾನ್ಸಲರ್ ಆದಾಗಲೂ ಅಲ್ಲೇ. ಸುತ್ತ ಹುಡುಗರು. ಅವರ ಫೀಸು, ಊಟ, ಮನೆ ಕಷ್ಟ ಕಣ್ಣೆದುರಿಗೇ ಇರುತ್ತಿತ್ತು. ಅಂಥ ಆಡಳಿತಗಾರ ಫೈಲು ನೋಡೋ ರೀತಿಯೇ ಬೇರೆ ಅಲ್ವಾ?

1972ರಿಂದ 1977ರವರೆಗೆ ವಿಶ್ವವಿದ್ಯಾಲಯ ಅವರ ಕೈಯಲ್ಲಿತ್ತು. ಸೆಂಟ್ರಲ್ ಕಾಲೇಜಿನ ಇಕ್ಕಟ್ಟಿನಿಂದ ಊರಾಚೆಯ ಜ್ಞಾನಭಾರತಿ ಕ್ಯಾಂಪಸ್ಸಿಗೆ ಅದು ಹೊರಟಿದ್ದು ಆ ಕಾಲದಲ್ಲೇ.

ಇನ್ನು ನೀವು ಹೇಳಿದ ಪತ್ರ. 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ವಿಶ್ವವಿದ್ಯಾಲಯದಿಂದ ಒಂದು ಸಮಿತಿ ಮಾಡಿದರು. ಅಧ್ಯಕ್ಷರು ಅವರೇ. ಪಾಂಡವಪುರದಲ್ಲಿ ಒಬ್ಬ ಚಿಕ್ಕ ಹುಡುಗ ಕೈಯಿಂದ ವಿಭೂತಿ ಬರಿಸುತ್ತಾನೆ ಅಂತ ಜನ ಮುಗಿಬೀಳುತ್ತಿದ್ದರು. ಸಮಿತಿ ಹೋಗಿ ನೋಡಿದರೆ ವಿಭೂತಿ ಇದ್ದದ್ದು ಬಟ್ಟೆಯೊಳಗೆ! ಬಾಬಾ ಅವರಿಗೂ ಪತ್ರಗಳು ಹೋದವು. ಬರಿಗೈಯಿಂದ ಉಂಗುರ, ವಿಭೂತಿ ತೆಗೆಯೋ ನಿಮ್ಮ ಪವಾಡಗಳನ್ನು ನಾವು ಹೇಳಿದ ಹಾಗೆ, ನಮ್ಮೆದುರಿಗೆ ಮಾಡಿ ತೋರಿಸಿ ಅಂತ. ಉತ್ತರ ಬರಲಿಲ್ಲ, ಪತ್ರಿಕೆಗಳಲ್ಲಿ ಗಲಾಟೆಯೋ ಗಲಾಟೆ. ಉಂಗುರ, ವಿಭೂತಿ ಸರಿ, ಒಂದು ಕುಂಬಳಕಾಯಿ ಸೃಷ್ಟಿಸಲಿ ನೋಡೋಣ ಅಂದರು ಎಚ್ಚೆನ್. ತೋಳಿನೊಳಗೆ ಕುಂಬಳಕಾಯಿ ಬಚ್ಚಿಡೋಕೆ ಆಗಲ್ವಲ್ಲ!

ವೈಸ್ ಚಾನ್ಸಲರ್‌ಗೆ ಇದೆಲ್ಲ ಯಾಕೆ ಬೇಕಿತ್ತು ಅನ್ನೋರು ಈಗಲೂ ಇದ್ದಾರೆ. ನನಗೆ ಅದು ಹಾಗೆ ಕಾಣಲ್ಲ. ಲ್ಯಾಬಿನಲ್ಲಿ ಬಿಎಸ್ಸಿ ಹುಡುಗ ಉತ್ತರ ಮಾತ್ರ ಬರೆದುಕೊಂಡು ಬಂದರೆ ಮೇಷ್ಟ್ರು 'ರೀಡಿಂಗ್ ತೋರಿಸಪ್ಪಾ' ಅಂತಾರೆ. ಇವರು ಅದನ್ನೇ ಲ್ಯಾಬಿನ ಹೊರಗೂ ಕೇಳಿದರು, ಅಷ್ಟೇ. ಸಮಿತಿಯಿಂದ ಜನರ ನಂಬಿಕೆ ಕಡಿಮೆಯಾಯಿತು ಅಂತೇನೂ ನಾನು ಹೇಳಲ್ಲ.

ಬೆಂಗಳೂರು ಸೈನ್ಸ್ ಫೋರಂ ಕಥೆ ಬೇರೆ. 1962ರಲ್ಲಿ ಶುರು ಮಾಡಿದ್ದು. ನ್ಯಾಷನಲ್ ಕಾಲೇಜಿನಲ್ಲಿ ಬುಧವಾರ ಬುಧವಾರ ಸಂಜೆ ಒಂದು ಉಪನ್ಯಾಸ, ಜುಲೈ ಬಂದರೆ ವಿಜ್ಞಾನದ ಹಬ್ಬ. ಟಿಕೆಟ್ಟಿಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ರಿಟೈರ್ ಆದವರು, ಪಿಯುಸಿ ಹುಡುಗರು, ಸುಮ್ನೆ ಬಂದವರು ಎಲ್ಲ ಒಂದೇ ಬೆಂಚಿನಲ್ಲಿ. ನನಗೆ ಬ್ಲ್ಯಾಕ್ ಹೋಲ್ ಅಂದರೇನು ಅಂತ ಮೊದಲು ತಿಳಿದದ್ದು ಅಲ್ಲೇ. ಪ್ರಶ್ನೆ ಕೇಳೋ ಹೊತ್ತಿಗೆ ಹಿಂದಿನ ಸಾಲಿನ ಹುಡುಗರ ಕೈಯೇ ಜಾಸ್ತಿ ಮೇಲೇಳುತ್ತಿತ್ತು.

ಗೌರಿಬಿದನೂರು, ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಹೋಯಿತು. ಬಯಲುಸೀಮೆಯ ಮಕ್ಕಳು ಡಿಗ್ರಿಗೆ ಬೆಂಗಳೂರಿಗೇ ಬರಬೇಕಿದ್ದ ಕಾಲ ಅದು. ತಾವು ನಡೆದು ಬಂದ ದಾರಿಯಲ್ಲಿ ಇನ್ನೊಬ್ಬ ಹುಡುಗ ನಡೆಯೋದು ಬೇಡ ಅಂತ ಅವರಿಗೆ ಅನಿಸಿರಬೇಕು. ಇದು ನನ್ನ ಊಹೆ. 1984ರಲ್ಲಿ ಪದ್ಮಭೂಷಣ ಬಂತು. 2005ರ ಜನವರಿ 31ರಂದು ತೀರಿಕೊಂಡರು. ಅವರದೇ ಆತ್ಮಕಥೆ 'ಹೋರಾಟದ ಹಾದಿ' ಇದೆ, ಸಿಕ್ಕರೆ ಓದಿ. ಜೈಲಿನ ದಿನಗಳ ಬಗ್ಗೆ ನಾನಿಲ್ಲಿ ಒಂದೇ ಸಾಲು ಬರೆದಿದ್ದೇನೆ, ಅಲ್ಲಿ ಅವರ ಬಾಯಲ್ಲೇ ಕೇಳಬಹುದು.