ಅಪ್ಪ ಜಮೀನು ನೋಡಬೇಕಂತೆ

ಪ್ರಶ್ನೆ: ನಮ್ಮೂರು ಅರಸೀಕೆರೆ ಹತ್ತಿರ. ಐದು ವರ್ಷದಿಂದ ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿನ ಹೈನುಗಾರ ಹುಡುಗನನ್ನು ಮದುವೆಯಾಗುವುದೆಂದು ನಿಶ್ಚಯವಾಗಿದೆ. ಮುಂದಿನ ತಿಂಗಳು ಅಪ್ಪ ಬರುತ್ತಿದ್ದಾರೆ. ‘ಮನೆ ನೋಡದೆ ಹೆಣ್ಣು ಕೊಡೋದು ಹೆಂಗೆ? ಜಮೀನು ಎಷ್ಟೈತೆ, ಯಾರ ಹೆಸರಲ್ಲೈತೆ ಅಂತ ಕೇಳೇ ಕೇಳ್ತೀನಿ’ ಅನ್ನುತ್ತಾರೆ. ಹುಡುಗನ ತಂದೆ ಇಲ್ಲ, ತಾಯಿಗೆ ಎಪ್ಪತ್ತು ದಾಟಿದೆ. ಅವರೆದುರು ಇದನ್ನೆಲ್ಲ ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು? ಅಪ್ಪನ ಬಾಯಿ ಹೇಗೆ ಕಟ್ಟಲಿ?

ಉತ್ತರ: ಕಟ್ಟಬೇಡಿ. ನಿಮ್ಮ ತಂದೆ ಕೇಳಬೇಕೆಂದಿರುವುದು ಆ ಊರಿನದೇ ಹಳೆಯ ಪ್ರಶ್ನೆ. 1930ರ ದಶಕದಲ್ಲಿ ಆರೆನ್ಸ್‌ಬರ್ಗ್, ಕಿಂಬಲ್ ಎಂಬ ಅಮೆರಿಕದ ಇಬ್ಬರು ಮಾನವಶಾಸ್ತ್ರಜ್ಞರು ನಿಮ್ಮ ಕ್ಲೇರ್‌ನಲ್ಲೇ ಇದ್ದು ಇದನ್ನು ನೋಡಿ ಬರೆದಿದ್ದಾರೆ. ದಲ್ಲಾಳಿ ಮಾತು ತರುತ್ತಿದ್ದ. ಆಮೇಲೆ ಹೆಣ್ಣಿನ ಕಡೆಯವರು ಗಂಡಿನ ಹೊಲ, ದನ, ಕೊಟ್ಟಿಗೆಯನ್ನೆಲ್ಲ ಸುತ್ತಿ ನೋಡುತ್ತಿದ್ದರು. ‘ಜಮೀನು ನಡೆಯುವುದು’ ಅಂತಲೇ ಅದಕ್ಕೆ ಹೆಸರು. ಅವತ್ತಿನ ಮಟ್ಟಿಗೆ ನೆರೆಮನೆಯ ಹಸುಗಳನ್ನು ತಂದು ಕಟ್ಟಿ ಮೆರೆದವರ ಕಥೆಗಳೂ ಅಲ್ಲಿ ಬೇಕಾದಷ್ಟಿವೆ. (ನಮ್ಮ ಕಡೆಯವರು ಕಲಿಯಲೂಬಹುದು, ಕಲಿಸಲೂಬಹುದು.)

ನನಗೆ ಮುಖ್ಯ ಅನಿಸುವುದು ಅದರ ಮುಂದಿನ ಮಾತು. ಮದುವೆಗೆ ಮುಂಚೆ ವಕೀಲರ ಹತ್ತಿರ ಪತ್ರವಾಗುತ್ತಿತ್ತು. ಜಮೀನು ಮಗನ ಹೆಸರಿಗೆ. ಸೊಸೆ ಬಂದ ಮೇಲೆ ಅಪ್ಪ ಅಮ್ಮ ಪಡುವಣ ಕೋಣೆಗೆ ಸರಿಯುತ್ತಿದ್ದರು. ಅವರಿಗೆ ಸಲ್ಲಬೇಕಾದದ್ದೂ, ಅಂದರೆ ಒಂದು ಹಸುವಿಗೆ ಆಗುವಷ್ಟು ಹುಲ್ಲುಗಾವಲು, ಆಲೂಗಡ್ಡೆ, ಒಲೆಯ ಪಕ್ಕ ಜಾಗ, ಇವೆಲ್ಲ ಆ ಪತ್ರದಲ್ಲೇ ಇರುತ್ತಿದ್ದವು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಇರಬೇಕಾದಾಗ ಯಾವುದನ್ನು ಮೊದಲೇ ಮಾತಾಡಿಕೊಳ್ಳಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ನೀವು ಮಾತಾಡಿಕೊಂಡಿದ್ದೀರಾ? ನಿಮ್ಮ ಪತ್ರ ಓದಿದರೆ ಇಲ್ಲ ಅನಿಸುತ್ತದೆ. ತೋಟ, ಹಸು ಇನ್ನೂ ಅತ್ತೆಯ ಹೆಸರಲ್ಲೇ ಇವೆಯೇ? ಮದುವೆಯಾದ ಮೇಲೆ ಅದೇ ಮನೆಯೋ, ಬೇರೆಯೋ? ನಿಮ್ಮ ಕೆಲಸ ಮುಂದುವರಿಯುತ್ತದೆಯೇ? ಅಪ್ಪ ಬರುವ ಮುಂಚೆ ಹುಡುಗನನ್ನು ಕೂರಿಸಿಕೊಂಡು ನೀವೇ ಕೇಳಿ. ಅವನು ಹಾರಿಕೆಯ ಉತ್ತರ ಕೊಟ್ಟರೆ ಮದುವೆಯ ನೋಟಿಸ್ ಕೊಡುವುದನ್ನು ಮುಂದೆ ಹಾಕಿ. ಅಲ್ಲಿ ರಿಜಿಸ್ಟ್ರಾರ್‌ಗೆ ಮೂರು ತಿಂಗಳು ಮುಂಚೆ ತಿಳಿಸಬೇಕು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ.

ಒಂದು ಕಡೆ ಮಾತ್ರ ಅಪ್ಪನನ್ನು ತಡೆಯಿರಿ. ‘ನಮ್ಮ ಕಡೆಯಿಂದ ಇಷ್ಟು ಕೊಡ್ತೀವಿ’ ಎಂದು ಶುರುಮಾಡಿದರೆ. ಅಲ್ಲೂ ಹೆಣ್ಣು ದುಡ್ಡು ತರಬೇಕಿತ್ತು, ಐರಿಷ್‌ನಲ್ಲಿ ಅದನ್ನು ಸ್ಪ್ರೇ ಅನ್ನುತ್ತಾರೆ. ಎಷ್ಟೋ ಸಲ ಅದೇ ಹಣ ಗಂಡಿನ ತಂಗಿಯ ಮದುವೆಗೆ ಹೋಗುತ್ತಿತ್ತು. ಮನೆಗೊಬ್ಬಳಿಗೆ ಕೊಟ್ಟರೆ ಮಿಕ್ಕವರಿಗೆ ಏನೂ ಉಳಿಯದೆ ಎಷ್ಟೋ ಹೆಣ್ಣುಮಕ್ಕಳು ಅಮೆರಿಕದ ಹಡಗು ಹತ್ತಿದರು. ಅದನ್ನು ಮತ್ತೆ ಎಬ್ಬಿಸುವುದು ಬೇಡ.

ಅತ್ತೆಗೆ ಮಾತ್ರ ಮುಂಚೆಯೇ ಒಂದು ಮಾತು ಹೇಳಿಡಿ: ‘ನಮ್ಮಪ್ಪನೂ ರೈತ, ನಿಮ್ಮ ಜಮೀನು ಸುತ್ತಿ ನೋಡಬೇಕಂತೆ.’ ಅವರ ಅಮ್ಮನ ಮದುವೆ ಹೇಗೆ ಕುದುರಿತು ಅಂತಲೂ ಕೇಳಿ. ಮಳೆಯ ನಾಡು, ಹೊಲವೆಲ್ಲ ಕೆಸರು. ಅಪ್ಪನ ಕಾಲಿನ ಅಳತೆ ತಿಳಿದುಕೊಂಡು ಒಂದು ಜೊತೆ ಗಂಬೂಟು ತಂದಿಡಿ.