ಲಿಕ್ವಿಡ್‌ನಲ್ಲಿ ಡಿಫ್ಯೂಷನ್ ಅಷ್ಟು ನಿಧಾನ ಅಂದ್ಮೇಲೆ ಅಮೋನಿಯಾಗೆ ಗ್ಯಾಸ್ ಫಿಲ್ಮ್ ಯಾಕೆ ಕಂಟ್ರೋಲ್ ಆಗುತ್ತೆ?

ನೀವು ಬರೆದಿರೋದು ಹೀಗೆ: ಲ್ಯಾಬ್‌ನ ಪ್ಯಾಕ್ಡ್ ಕಾಲಮ್‌ನಲ್ಲಿ (ಒಳಗೆ ಪ್ಯಾಕಿಂಗ್ ಚೂರು ತುಂಬಿ, ಅದರ ಮೇಲೆ ನೀರು ಇಳಿಸ್ತಾ ಗ್ಯಾಸ್ ಹಾಯಿಸೋ ಟವರ್) ಕಾರ್ಬನ್ ಡೈಆಕ್ಸೈಡ್‌ನ ನೀರಿಗೆ ಅಬ್ಸಾರ್ಬ್ ಮಾಡಿಸುವಾಗ ಗಾಳಿ ಫ್ಲೋ ಎಷ್ಟು ಏರಿಸಿದ್ರೂ ಕೋಎಫಿಷಿಯೆಂಟ್, ಅಂದ್ರೆ ಗ್ಯಾಸ್ ಎಷ್ಟು ವೇಗವಾಗಿ ನೀರಿಗೆ ಸೇರುತ್ತೆ ಅನ್ನೋ ಅಳತೆ, ಕದಲ್ತಾ ಇಲ್ಲ, ಅಮೋನಿಯಾ ಆದ್ರೆ ಏರುತ್ತೆ ಅಂತ ಓದಿದ್ದೀರ, ಆದ್ರೆ ಲಿಕ್ವಿಡ್‌ನಲ್ಲಿ ಡಿಫ್ಯೂಷನ್ ಗ್ಯಾಸ್‌ಗಿಂತ 10,000 ಪಟ್ಟು ನಿಧಾನ ಆದ್ಮೇಲೆ ಯಾವ ಗ್ಯಾಸ್ ಆದ್ರೂ ಲಿಕ್ವಿಡ್ ಫಿಲ್ಮೇ ತಡೀಬೇಕಲ್ವಾ ಅಂತ ನಿಮ್ಮ ಅನುಮಾನ. ಫಿಲ್ಮ್ ಅಂದ್ರೆ ಗ್ಯಾಸ್, ನೀರು ಸೇರೋ ಗಡಿಯ (ಇಂಟರ್‌ಫೇಸ್) ಎರಡೂ ಕಡೆ ಇದೆ ಅಂತ ಇಟ್ಕೊಳ್ಳೋ ತೆಳು ಪದರ. ಸ್ಕ್ರಬ್ಬರ್, ಅಂದ್ರೆ ಗ್ಯಾಸ್ ತೊಳೆಯೋ ಟವರ್, ಡಿಸೈನ್ ಮಾಡೋದೇ ನನ್ನ ಕೆಲಸ, ಇದನ್ನ ಸರಿಯಾಗಿ ಹಿಡ್ಕೊಳ್ಳದೆ ಎಷ್ಟೋ ಕಡೆ ದುಡ್ಡು ಸುರೀತಾರೆ, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತೀನಿ.

ನೀವು ಹೇಳಿದ 10,000 ಪಟ್ಟು ಸರಿನೇ. ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿ ಹರಡೋ ಡಿಫ್ಯೂಸಿವಿಟಿ ಸೆಕೆಂಡಿಗೆ ಸುಮಾರು 0.16 ಚದರ ಸೆಂಟಿಮೀಟರ್, ನೀರಲ್ಲಿ ಅದು 0.00002ರ ಹತ್ತಿರ. ಆದ್ರೆ ಫಿಲ್ಮ್ ದಪ್ಪ ಎರಡೂ ಕಡೆ ಒಂದೇ ಇರಲ್ಲ. ಪ್ಯಾಕ್ಡ್ ಟವರ್‌ನಲ್ಲಿ ಗ್ಯಾಸ್ ಕಡೆ ಫಿಲ್ಮ್ ಲೆಕ್ಕಕ್ಕೆ ಸುಮಾರು 2 ಮಿಲಿಮೀಟರ್ ಬರುತ್ತೆ, ಲಿಕ್ವಿಡ್ ಕಡೆ ಸುಮಾರು 20 ಮೈಕ್ರಾನ್ ಅಷ್ಟೇ. ಹಾಗಾಗಿ ಕೊನೆಗೆ ಉಳಿಯೋ ವ್ಯತ್ಯಾಸ 100 ಪಟ್ಟು: ಗ್ಯಾಸ್ ಕೋಎಫಿಷಿಯೆಂಟ್ ಸೆಕೆಂಡಿಗೆ 0.01 ಮೀಟರ್ ಆಸುಪಾಸು, ಲಿಕ್ವಿಡ್‌ದು 0.0001 ಆಸುಪಾಸು. ಇವು ಅಂದಾಜಿನ ಅಂಕಿ, ಪ್ಯಾಕಿಂಗ್ ಮೇಲೆ, ಫ್ಲೋ ಮೇಲೆ ಬದಲಾಗ್ತವೆ, ಆದ್ರೆ ನಮ್ಮ ಮಾತಿಗೆ ಸಾಕು.

ಇನ್ನು ನೀವು ಬಿಟ್ಟಿರೋದು ಸಾಲ್ಯುಬಿಲಿಟಿ. ವಿಟ್ಮನ್ 1923ರಲ್ಲಿ ಟೂ ಫಿಲ್ಮ್ ಥಿಯರಿ ಕೊಟ್ಟಾಗ ಮಾಡಿದ ದೊಡ್ಡ ಕೆಲಸ ಅಂದ್ರೆ ಎರಡು ರೆಸಿಸ್ಟೆನ್ಸ್‌ನ ಸೀರೀಸ್‌ನಲ್ಲಿ ಇಟ್ಟಿದ್ದು, ಆದ್ರೆ ಸುಮ್ನೆ ಕೂಡೋಕಾಗಲ್ಲ, ಲಿಕ್ವಿಡ್ ಕಡೆಯದನ್ನ ಹೆನ್ರಿ ಕಾನ್‌ಸ್ಟೆಂಟ್‌ನಿಂದ (ಸಮತೋಲನದಲ್ಲಿ ಗ್ಯಾಸ್ ಕಾನ್ಸೆಂಟ್ರೇಶನ್‌ಗೂ ಲಿಕ್ವಿಡ್ ಕಾನ್ಸೆಂಟ್ರೇಶನ್‌ಗೂ ಇರೋ ಅನುಪಾತ) ಗುಣಿಸಿ ಕೂಡಬೇಕು. ಯಾಕೆ ಗುಣಿಸಬೇಕು ಅಂದ್ರೆ, ಅಮೋನಿಯಾ ಇಂಟರ್‌ಫೇಸ್ ಮುಟ್ಟಿದ ತಕ್ಷಣ ನೀರಿನ ಕಡೆ ಅದರ ಕಾನ್ಸೆಂಟ್ರೇಶನ್ ಗ್ಯಾಸ್ ಕಡೆಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಆಗಿಬಿಡುತ್ತೆ, ಅಷ್ಟು ದೊಡ್ಡ ಡ್ರೈವಿಂಗ್ ಫೋರ್ಸ್ ಹಿಂದಿನಿಂದ ತಳ್ತಾ ಇದ್ರೆ ಡಿಫ್ಯೂಷನ್ ನಿಧಾನ ಆದ್ರೂ ಒಳಗೆ ಹೋಗೋ ಮಾಲ್ ಕಮ್ಮಿ ಆಗಲ್ಲ.

ಲೆಕ್ಕ ನೋಡಿ. 25 ಡಿಗ್ರಿಯಲ್ಲಿ ಗ್ಯಾಸ್ ಕಾನ್ಸೆಂಟ್ರೇಶನ್‌ನ ಲಿಕ್ವಿಡ್ ಕಾನ್ಸೆಂಟ್ರೇಶನ್‌ನಿಂದ ಭಾಗಿಸಿದ್ರೆ ಕಾರ್ಬನ್ ಡೈಆಕ್ಸೈಡ್‌ಗೆ ಸುಮಾರು 1.2, ಆಕ್ಸಿಜನ್‌ಗೆ ಸುಮಾರು 31, ಅಮೋನಿಯಾಗೆ ಸುಮಾರು 0.0007. ರೆಸಿಸ್ಟೆನ್ಸ್ ಅಂದ್ರೆ 1ನ್ನ ಕೋಎಫಿಷಿಯೆಂಟ್‌ನಿಂದ ಭಾಗಿಸಿದ್ದು, ಹಾಗಾಗಿ ಗ್ಯಾಸ್ ಕಡೆ ಎಲ್ಲದಕ್ಕೂ 100 ಅಂತ ಇಟ್ಕೊಳ್ಳಿ. ಲಿಕ್ವಿಡ್ ಕಡೆ 10,000ನ ಈ ಅಂಕಿಯಿಂದ ಗುಣಿಸಿದ್ರೆ ಕಾರ್ಬನ್ ಡೈಆಕ್ಸೈಡ್‌ಗೆ 12,000, ಆಕ್ಸಿಜನ್‌ಗೆ 3 ಲಕ್ಷ ದಾಟುತ್ತೆ, ಅಮೋನಿಯಾಗೆ ಬರೀ 7. ನಿಮ್ಮ ಕಾಲಮ್‌ನಲ್ಲಿ ಗಾಳಿ ಏರಿಸಿದಾಗ ನೀವು ಇಳಿಸ್ತಾ ಇರೋದು 12,100ರಲ್ಲಿ ಆ 100ನ ಮಾತ್ರ, ಮೀಟರ್‌ನಲ್ಲಿ ಹೇಗೆ ಕಾಣಬೇಕು ಹೇಳಿ. ನಿಮ್ಮ ರೀಡಿಂಗ್ ಸರಿ ಇದೆ, ಡೌಟ್ ಪಡಬೇಡಿ. ಸಲ್ಫರ್ ಡೈಆಕ್ಸೈಡ್ ಮಧ್ಯದಲ್ಲಿ ಬರುತ್ತೆ, 340 ಹತ್ತಿರ, ಅಲ್ಲಿ ಎರಡೂ ಕಡೆ ನೋಡ್ಲೇಬೇಕು.

ಅಮೋನಿಯಾ ವಾಸನೆ ಬಂತು ಅಂದ ಕೂಡ್ಲೇ ದೊಡ್ಡ ಪಂಪ್ ಹಾಕಿ ಅಂತಾರೆ. ನೀರು ಪ್ಯಾಕಿಂಗ್‌ನ ಪೂರ್ತಿ ನೆನೆಸ್ತಾ ಇದ್ದು, ಒಳಗೆ ಬರೋ ನೀರಲ್ಲಿ ಅಮೋನಿಯಾ ಇಲ್ಲ ಅಂದ್ರೆ ಇನ್ನಷ್ಟು ನೀರು ಬಿಟ್ಟು ದೊಡ್ಡ ಲಾಭ ಇಲ್ಲ, ಪ್ಯಾಕಿಂಗ್ ಎತ್ತರ ಅಥವಾ ಏರಿಯಾ ಜಾಸ್ತಿ ಬೇಕು. ಅದೇ ನೀರು ಸುತ್ತಾಡ್ತಾ ಇದ್ರೆ ಕಥೆ ಬೇರೆ, ಅದು ತುಂಬ್ಕೊಂಡು ಅಮೋನಿಯಾನ ವಾಪಸ್ ಬಿಡೋಕೆ ಶುರು ಮಾಡುತ್ತೆ, ಆವಾಗ ಸಲ್ಫ್ಯೂರಿಕ್ ಆಸಿಡ್ ಡೋಸ್ ಮಾಡಿದ್ರೆ ಆ ಬ್ಯಾಕ್ ಪ್ರೆಶರ್ ಹೋಗುತ್ತೆ. ಗ್ಯಾಸ್ ಫಿಲ್ಮ್‌ನ 100 ಮಾತ್ರ ಹಾಗೇ ಇರುತ್ತೆ, ಆಸಿಡ್‌ಗೂ ಅದಕ್ಕೂ ಸಂಬಂಧ ಇಲ್ಲ.

ಒಂದು ಮಾತು, ನಿಂತ ಫಿಲ್ಮ್ ಅನ್ನೋದು ನಿಜವಾಗಿ ಟವರ್ ಒಳಗೆ ಇಲ್ಲ. ಹಿಗ್ಬಿ 1935ರಲ್ಲಿ, ಡ್ಯಾಂಕ್‌ವರ್ಟ್ಸ್ 1951ರಲ್ಲಿ ತೋರಿಸಿದ ಹಾಗೆ ಮೇಲ್ಮೈ ನೀರು ಕ್ಷಣಕ್ಷಣಕ್ಕೂ ಬದಲಾಗ್ತಾ ಇರುತ್ತೆ, ಹಾಗಾಗಿ ಲಿಕ್ವಿಡ್ ಕೋಎಫಿಷಿಯೆಂಟ್ ಡಿಫ್ಯೂಸಿವಿಟಿಯ ವರ್ಗಮೂಲದ ಜೊತೆ ಏರುತ್ತೆ, ಪ್ರಯೋಗಗಳೂ ಅದರ ಹತ್ತಿರವೇ ಬರ್ತವೆ. ಆದ್ರೆ ಎರಡು ರೆಸಿಸ್ಟೆನ್ಸ್ ಕೂಡೋ ಲೆಕ್ಕ ಹಾಗೇ ಉಳಿಯುತ್ತೆ, ಅದಕ್ಕೇ ನಾವು ಇವತ್ತಿಗೂ ವಿಟ್ಮನ್‌ನ ಬಿಟ್ಟಿಲ್ಲ. ಈ ಡ್ಯಾಂಕ್‌ವರ್ಟ್ಸ್ 1940ರಲ್ಲಿ ಲಂಡನ್ ಮೇಲೆ ಬಿದ್ದ ಪ್ಯಾರಾಶೂಟ್ ಮೈನ್‌ಗಳನ್ನ ನಿಷ್ಕ್ರಿಯ ಮಾಡಿ ಜಾರ್ಜ್ ಕ್ರಾಸ್ ಪಡೆದ ಮನುಷ್ಯ. ಕೇಂಬ್ರಿಡ್ಜ್‌ನಲ್ಲಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರು ನಮ್ಮ ಎಂ. ಎಂ. ಶರ್ಮಾ, ಆಮೇಲೆ ಮುಂಬೈ ಯೂನಿವರ್ಸಿಟಿಯ ಕೆಮಿಕಲ್ ಟೆಕ್ನಾಲಜಿ ವಿಭಾಗದಲ್ಲಿ (ಯುಡಿಸಿಟಿ) ಪಾಠ ಮಾಡಿದ್ರು, 1990ರಲ್ಲಿ ರಾಯಲ್ ಸೊಸೈಟಿ ಫೆಲೋ ಆದ್ರು. ಕಾರ್ಬನ್ ಡೈಆಕ್ಸೈಡ್ ಕಾಸ್ಟಿಕ್‌ಗೆ (ಸೋಡಿಯಂ ಹೈಡ್ರಾಕ್ಸೈಡ್), ಅಮೀನ್‌ಗೆ ಹೇಗೆ ಹೋಗುತ್ತೆ ಅಂತ ಇವರಿಬ್ಬರೂ 1966ರಲ್ಲಿ ಬರೆದ ಪೇಪರ್ ನಿಮ್ಮ ಪ್ರಾಜೆಕ್ಟ್‌ಗೆ ನೇರ ಉಪಯೋಗ, ಲೈಬ್ರರಿಯಲ್ಲಿ ಕೇಳಿ ನೋಡಿ.

ನಿಮ್ಮ ಪ್ರಾಜೆಕ್ಟ್‌ಗೆ ಈಗ ಮಾಡಬೇಕಾದ್ದು: ಮೊದ್ಲು ಗಾಳಿ ಫ್ಲೋ ಹಾಗೇ ಇಟ್ಟು ನೀರಿನ ಫ್ಲೋ ಬದಲಾಯಿಸಿ, ಕೋಎಫಿಷಿಯೆಂಟ್ ಚೆನ್ನಾಗಿ ಏರಬೇಕು, ಪ್ರೆಶರ್ ಡ್ರಾಪ್ ಮೇಲೆ ಕಣ್ಣಿಡಿ, ಅದು ಇದ್ದಕ್ಕಿದ್ದಂಗೆ ಜಿಗಿದ್ರೆ ಫ್ಲಡ್ಡಿಂಗ್ (ನೀರು ಇಳಿಯದೆ ಕಾಲಮ್‌ನಲ್ಲೇ ತುಂಬ್ಕೊಳ್ಳೋದು) ಹತ್ತಿರ ಬಂದಿದ್ದೀರ ಅಂತ. ಆಮೇಲೆ ನೀರಿನ ಬದಲು 1 ನಾರ್ಮಲ್ ಕಾಸ್ಟಿಕ್ ಬಿಡಿ, ಲೀಟರಿಗೆ 40 ಗ್ರಾಂ, ಕನ್ನಡಕ ಗ್ಲೌಸ್ ಇಲ್ದೆ ಮುಟ್ಟಬೇಡಿ, ಕೆಳಗಿನ ಸ್ಯಾಂಪಲ್‌ನ ಫಿನಾಲ್ಫ್ತಲೀನ್, ಮೀಥೈಲ್ ಆರೆಂಜ್ ಎರಡರಲ್ಲೂ ಟೈಟ್ರೇಟ್ ಮಾಡಿದ್ರೆ ಕಾರ್ಬನೇಟ್ ಎಷ್ಟು ಅಂತ ಸಿಗುತ್ತೆ. ರಿಯಾಕ್ಷನ್ ಎಷ್ಟು ಫಾಸ್ಟ್ ಅಂದ್ರೆ ಕಾರ್ಬನ್ ಡೈಆಕ್ಸೈಡ್ ಲಿಕ್ವಿಡ್ ಫಿಲ್ಮ್ ಒಳಗಡೆ ಸ್ವಲ್ಪ ದೂರ ಹೋಗೋದ್ರಲ್ಲೇ ಮುಗಿದು ಹೋಗುತ್ತೆ, ಡಿಫ್ಯೂಷನ್ ಆಗಬೇಕಾದ ದಾರಿನೇ ಗಿಡ್ಡ ಆಗುತ್ತೆ, ನನ್ನ ಲೆಕ್ಕದಲ್ಲಿ ಲಿಕ್ವಿಡ್ ಕಡೆ 30ರಿಂದ 40 ಪಟ್ಟು ವೇಗ ಬರ್ಬೇಕು. ಅಂದ್ರೆ 12,000 ಇದ್ದಿದ್ದು 300, 400ಕ್ಕೆ ಇಳಿಯುತ್ತೆ, ಗ್ಯಾಸ್ ಕಡೆಯ 100 ಈಗ ಲೆಕ್ಕಕ್ಕೆ ಬರುತ್ತೆ. ಆವಾಗ ಗಾಳಿ ಫ್ಲೋ ಮತ್ತೆ ಏರಿಸಿ ನೋಡಿ, ಇಷ್ಟು ದಿನ ಕದಲದ ಕೋಎಫಿಷಿಯೆಂಟ್ ಏರೋಕೆ ಶುರು ಆಗುತ್ತೆ.