ಸೂಜಿ-ದಾರ ಪ್ರಶ್ನೋತ್ತರ: ಈ ಸಲ ಪ್ರೊವಾನ್ಸಿನ ಬೂತಿ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಬಿಳಿ ಉಬ್ಬು ಹೊಲಿಗೆಯ ಹೆಸರು ಬೂತಿ. ಈ ಬಾರಿ ಬಂದ ಕಾಗದಗಳಲ್ಲಿ ಅದರ ಬಗ್ಗೆ ಕೇಳಿದವರೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ನನಗೆ ಕೌದಿ ಹೊಲಿಯಲು ಚೆನ್ನಾಗಿ ಬರುತ್ತದೆ. ಬೂತಿಯೂ ಒಂದು ಬಗೆಯ ಕ್ವಿಲ್ಟ್ ಅಂತ ಓದಿದೆ. ಆದರೆ ಚಿತ್ರದಲ್ಲಿ ಹೂಬಳ್ಳಿ ಮಾತ್ರ ಉಬ್ಬಿದೆ, ಸುತ್ತಲಿನ ಬಟ್ಟೆ ತೆಳ್ಳಗಿದೆ. ಒಳಗೆ ಏನು ಹಾಸುತ್ತಾರೆ? — ಓದುಗರು, ಧಾರವಾಡ

ಏನೂ ಹಾಸುವುದಿಲ್ಲ. ಕೌದಿಯಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಎಲ್ಲವನ್ನೂ ಕೂಡಿಸಿ ಹೊಲಿಯುತ್ತೀರಿ. ಅಲ್ಲಿ ದಪ್ಪ ಮೊದಲು, ಹೊಲಿಗೆ ಆಮೇಲೆ. ಬೂತಿಯಲ್ಲಿ ಇದು ತಿರುವುಮುರುವು. ಎರಡು ತೆಳು ಹತ್ತಿಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಚಿತ್ರದ ಗೆರೆಗಳ ಮೇಲೆ ಸಣ್ಣ ರನ್ನಿಂಗ್ ಸ್ಟಿಚ್ ಹಾಕುತ್ತಾರೆ. ಅಕ್ಕಪಕ್ಕದ ಎರಡು ಗೆರೆಗಳ ನಡುವೆ ಸಣ್ಣ ಕೊಳವೆಯಂಥ ಜಾಗ ಉಳಿಯುತ್ತದೆ. ಇಡೀ ಚಿತ್ರದ ಹೊಲಿಗೆ ಮುಗಿದ ಮೇಲೆ, ಹಿಂಬದಿಯಿಂದ ಮೊಂಡು ಸೂಜಿ ತೂರಿಸಿ ಆ ಕೊಳವೆಗಳೊಳಗೆ ಮೆತ್ತನೆಯ ಹತ್ತಿ ನೂಲನ್ನು ಎಳೆಯುತ್ತಾರೆ. ನೂಲು ಹೋದ ಕಡೆ ಬಟ್ಟೆ ಉಬ್ಬುತ್ತದೆ, ಹೊಲಿಗೆಯ ಗೆರೆಯಲ್ಲಿ ಎರಡು ಬಟ್ಟೆಗಳು ಅಂಟಿಕೊಂಡೇ ಇರುತ್ತವೆ.

ಹೀಗಾಗಿ ಬೂತಿಯನ್ನು ಬೆಳಕಿಗೆ ಹಿಡಿದೇ ನೋಡಬೇಕು. ನೂಲು ತುಂಬಿದ ಭಾಗ ಮಬ್ಬಾಗಿ, ಗೆರೆಗಳು ಬೆಳಕು ಬಿಟ್ಟುಕೊಂಡು ಹೊಳೆಯುತ್ತವೆ. ಹಿಂದುಮುಂದು ಎರಡೂ ಕಡೆ ಅಂದವಾಗಿ ಕಾಣಬೇಕೆಂಬುದು ಈ ಹೊಲಿಗೆಯ ಕಟ್ಟಳೆ.

ಎರಡು ಬಟ್ಟೆಗಳ ನಡುವೆ ಹತ್ತಿಯ ತೆಳು ಹಾಸು ಇಟ್ಟು ಹೊಲಿಯುವ ಪದ್ಧತಿಯೂ ಪ್ರೊವಾನ್ಸಿನಲ್ಲಿದೆ, ಅದಕ್ಕೆ ಮಾತ್ಲಸಾಜ್ ಎನ್ನುತ್ತಾರೆ. ಕೌದಿ ಹೊಲಿದ ಕೈಗೆ ಅದು ಬೇಗ ಹತ್ತುತ್ತದೆ. ಆದರೂ ನೀವು ನೇರ ಬೂತಿಗೇ ಕೈ ಹಾಕಿ ಎಂಬುದು ನಮ್ಮ ಸಲಹೆ. ಒಂದೇ ಅಳತೆಯ ಟಾಕಾ ಹಾಕುವ ಅಭ್ಯಾಸ ನಿಮಗೆ ಆಗಲೇ ಇದೆ. ಟಾಕಾವನ್ನು ಇನ್ನೂ ಸಣ್ಣದು ಮಾಡುವುದಷ್ಟೇ ಬಾಕಿ.

ಬೂತಿಗೆ ಬೇಕಾದ ಬಟ್ಟೆ, ಸೂಜಿ, ನೂಲು ನಮ್ಮ ಊರಿನ ಅಂಗಡಿಗಳಲ್ಲೇ ಸಿಗುತ್ತವೆಯೆ? ಮೊದಲ ತುಂಡನ್ನು ಎಷ್ಟು ದೊಡ್ಡದು ಮಾಡಬೇಕು? — ಓದುಗರು, ಶಿವಮೊಗ್ಗ ಮತ್ತು ಹಾಸನ

ಮೊದಲ ತುಂಡು 15 ಸೆಂ.ಮೀ. ಚೌಕ ಸಾಕು. ಅದಕ್ಕೆ 30 ಸೆಂ.ಮೀ. ಚೌಕದ ಎರಡು ಬಟ್ಟೆ ಕತ್ತರಿಸಿಕೊಳ್ಳಿ. ಸುತ್ತಲೂ ಇಷ್ಟು ಬಿಡುವುದು ರಿಂಗಿಗೆ ಹಿಡಿತ ಸಿಗಲಿ ಎಂದು. ನೂಲು ತುಂಬಿದಂತೆ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ ಕೂಡ. ಒತ್ತಾದ ಚಿತ್ರವಾದರೆ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುವುದುಂಟು. ಸಿದ್ಧವಾದಾಗ ಸರಿಯಾಗಿ 15 ಸೆಂ.ಮೀ. ಬೇಕಿದ್ದರೆ ಚಿತ್ರವನ್ನು ಸುಮಾರು 16.7 ಸೆಂ.ಮೀ.ಗೆ ಬರೆದುಕೊಳ್ಳಿ.

ಬಟ್ಟೆಗೆ ಅಪ್ಪಟ ಹತ್ತಿಯ ಕೇಂಬ್ರಿಕ್ ಅಥವಾ ಬಿಗಿ ನೇಯ್ಗೆಯ ಮಲ್ ನಡೆಯುತ್ತದೆ. ಬ್ಲೌಸ್ ಲೈನಿಂಗ್ ಎಂದು ಮಾರುವ ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರೆತಿರಬಹುದು. ಒಂದು ಎಳೆ ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಂಟಾಗುತ್ತದೆ. ಈ ಪರೀಕ್ಷೆ ಮುಖ್ಯ, ಏಕೆಂದರೆ ಸೂಜಿ ಸರಿಸಿದ ಹತ್ತಿಯ ಎಳೆಗಳು ತೊಳೆದಾಗ ಮತ್ತೆ ಕೂಡಿಕೊಳ್ಳುತ್ತವೆ, ಪಾಲಿಯೆಸ್ಟರ್ ಎಳೆಗಳು ಹಾಗೆ ಕೂಡಿಕೊಳ್ಳುವುದು ಕಷ್ಟ. ಎರಡೂ ಪದರ ಒಂದೇ ತಾನಿನದಾಗಿರಲಿ, ಎರಡರ ಹಾಸು-ಹೊಕ್ಕೂ ಒಂದೇ ದಿಕ್ಕಿಗಿರಲಿ.

ಹೊಲಿಯಲು ಕ್ವಿಲ್ಟಿಂಗಿನ ಗಿಡ್ಡ ಸೂಜಿ, 10ನೇ ನಂಬರು. ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣ. ತುಂಬಲು ಕ್ರಾಸ್ ಸ್ಟಿಚ್ಚಿಗೆ ಬಳಸುವ ಮೊಂಡು ತುದಿಯ ಟೇಪೆಸ್ಟ್ರಿ ಸೂಜಿ, 22 ಅಥವಾ 24ನೇ ನಂಬರು. ಫ್ರಾನ್ಸಿನಲ್ಲಿ ಉದ್ದನೆಯ ಬೂತಿ ಸೂಜಿಯೇ ಸಿಗುತ್ತದೆ, ಉದ್ದ ಕೊಳವೆಗಳಿಗೆ ಅನುಕೂಲ. ಆದರೆ ಮೊದಲ ತುಂಡಿಗೆ ಅದು ಬೇಕಿಲ್ಲ. ತುಂಬುವ ನೂಲು ಸಡಿಲ ತಿರುವಿನದಾಗಿರಬೇಕು. ಕ್ರೋಶಾಕ್ಕೆ ಮಾರುವ ಹೊಳಪಿನ ಮರ್ಸರೈಸ್ಡ್ ದಾರ ಬೇಡವೇ ಬೇಡ, ಅದು ಗಟ್ಟಿಯಾಗಿ ಹುರಿಗೊಂಡಿರುವುದರಿಂದ ಕೊಳವೆಯೊಳಗೆ ಅರಳುವುದಿಲ್ಲ. ಹೊಳಪಿಲ್ಲದ ಮೆತ್ತನೆಯ ಹತ್ತಿ ನೂಲು ತಂದು, ಲಡಿಯನ್ನು ಬಿಸಿನೀರಿನಲ್ಲಿ ಅದ್ದಿ ಒಣಗಿಸಿಟ್ಟುಕೊಳ್ಳಿ. ಹಾಗೆ ಮಾಡದಿದ್ದರೆ ಮುಂದೆ ತೊಳೆದಾಗ ನೂಲು ಬಟ್ಟೆಗಿಂತ ಹೆಚ್ಚು ಕುಗ್ಗಿ ಇಡೀ ತುಂಡು ಸುಕ್ಕುಗಟ್ಟುತ್ತದೆ.

ಚಿತ್ರ ಬರೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಚೂರುಬಟ್ಟೆಯಲ್ಲಿ 3, 4, 5 ಮಿ.ಮೀ. ಅಗಲದ ಮೂರು ಕೊಳವೆ ಹೊಲಿಯಿರಿ. ಮೂರಕ್ಕೂ ನಿಮ್ಮ ನೂಲನ್ನು ಜೋಡಿ ಎಳೆಯಾಗಿ ತೂರಿಸಿ. ಸೂಜಿ ಸ್ವಲ್ಪವೇ ತಡೆದು ಮುಂದೆ ಹೋಗುವ ಕೊಳವೆ ನಿಮ್ಮ ಅಳತೆ. ಸರಾಗವಾಗಿ ಜಾರಿದರೆ ಉಬ್ಬು ಬರುವುದಿಲ್ಲ. ಎಳೆಯುವಾಗ ಹೊಲಿಗೆ ಕಿರುಗುಟ್ಟಿದರೆ ಟಾಕಾ ಕಿತ್ತುಬರುತ್ತದೆ.

ಹೊಲಿಗೆಯ ಕ್ರಮ ಹೀಗೆ. ಚಿತ್ರವನ್ನು ಮೇಲಿನ ಬಟ್ಟೆಗೆ ಗಟ್ಟಿ ಸೀಸದ ಪೆನ್ಸಿಲಿನಿಂದ ತೀರಾ ತೆಳುವಾಗಿ ಇಳಿಸಿ. ಎರಡು ಬಟ್ಟೆ ಕೂಡಿಸಿ ಐದೈದು ಸೆಂ.ಮೀ.ಗೆ ಒಂದರಂತೆ ಅಡ್ಡಉದ್ದ ಕಚ್ಚಾ ಹೊಲಿಗೆ ಹಾಕಿ. ನಡುವಿನಿಂದ ಅಂಚಿನ ಕಡೆಗೆ ಹೊಲಿಯಿರಿ, ಒಂದೊಂದು ಟಾಕಾ ಒಂದು, ಹೆಚ್ಚೆಂದರೆ ಒಂದೂವರೆ ಮಿ.ಮೀ. ಗಂಟು ಎಲ್ಲೂ ಹೊರಗೆ ಕಾಣಬಾರದು. ಆರಂಭದ ಗಂಟನ್ನು ಎಳೆದು ಎರಡು ಪದರಗಳ ನಡುವೆ ಸೇರಿಸಿ. ಮುಗಿಸುವಾಗ ಎರಡು ಹಿಂಟಾಕಾ ಹಾಕಿ ದಾರದ ತುದಿಯನ್ನು ಕೊಳವೆಯೊಳಗೆ ಓಡಿಸಿ ಕತ್ತರಿಸಿ. ಪೂರ್ತಿ ಹೊಲಿಗೆ ಮುಗಿಯುವವರೆಗೆ ಒಂದು ಎಳೆಯನ್ನೂ ತುಂಬಬೇಡಿ. ಅರ್ಧ ಹೊಲಿದು ಒಂದು ಹೂವನ್ನಾದರೂ ತುಂಬಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ತುಂಬಿದ ಕೂಡಲೇ ಸುತ್ತಲಿನ ಬಟ್ಟೆ ಎಳೆದು, ಇನ್ನೂ ಹೊಲಿಯದ ಗೆರೆಗಳೆಲ್ಲ ಸೊಟ್ಟಗಾಗುತ್ತವೆ.

ಹೊಲಿಗೆ ಚೆನ್ನಾಗಿಯೇ ಬಂತು. ನೂಲು ತುಂಬಿದ ಮೇಲೆ ತುಂಡು ತಟ್ಟೆಯ ಹಾಗೆ ಬಾಗಿತು, ಬಳ್ಳಿಯ ತಿರುವುಗಳಲ್ಲಿ ಸುಕ್ಕು ಬಿತ್ತು. ಬಿಚ್ಚಬೇಕೆ? — ಓದುಗರು, ಮೈಸೂರು

ಬಹುಪಾಲು ಬಿಚ್ಚಬೇಕಾಗುವುದಿಲ್ಲ. ಬಾಗುವುದಕ್ಕೂ ಸುಕ್ಕಿಗೂ ಕಾರಣ ಬೇರೆಬೇರೆ.

ಸುಕ್ಕು ಬರುವುದು ತಿರುವಿನಲ್ಲಿ ನೂಲನ್ನು ಒಂದೇ ಎಳೆತಕ್ಕೆ ದಾಟಿಸಿದಾಗ. ನೂಲು ಒಳಬಾಗಿನ ಅಂಚಿಗೆ ಒತ್ತಿಕೊಂಡು ಬಿಗಿಯುತ್ತದೆ, ಬಟ್ಟೆ ಅದರ ಜೊತೆ ಮುದುಡುತ್ತದೆ. ತಿರುವು ಬಂದಲ್ಲಿ ಸೂಜಿಯನ್ನು ಹಿಂಬದಿಗೆ ಹೊರತೆಗೆಯಿರಿ, ಅದೇ ತೂತಿನಿಂದ ಮತ್ತೆ ಒಳಗೆ ಹೋಗಿ, ತೂತಿನ ಬಾಯಲ್ಲಿ ಅಕ್ಕಿಕಾಳಿನಷ್ಟು ನೂಲು ಸಡಿಲ ಬಿಡಿ. ಕೊನೆಗೆ ಆ ಸಡಿಲವನ್ನು ಸೂಜಿಯ ತುದಿಯಿಂದ ಒಳಗೆ ತಳ್ಳಿದರಾಯಿತು. ಚೂಪು ಮೂಲೆಗೆ ಇದು ಕಡ್ಡಾಯ. ಉದ್ದನೆಯ ನೇರ ಕೊಳವೆಯಲ್ಲೂ ಒಂದಿಷ್ಟು ದೂರಕ್ಕೊಮ್ಮೆ ಹೊರಬಂದು ಒಳಹೋಗುವುದು ಒಳ್ಳೆಯದು. ಪ್ರತಿ ಎಳೆತದ ನಂತರ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಓರೆಯಾಗಿ, ಮೂಲೆಯಿಂದ ಮೂಲೆಗೆ ಮೆಲ್ಲಗೆ ಜಗ್ಗಿ. ಬಿಗಿದ ನೂಲು ತಾನಾಗಿ ಸಡಿಲವಾಗುತ್ತದೆ.

ಇಡೀ ತುಂಡು ಬಾಗಿದರೆ ನಡುವಿನಲ್ಲೂ ಅಂಚಿನಲ್ಲೂ ತುಂಬಿದ ಪ್ರಮಾಣ ಬೇರೆಯಾಗಿದೆ ಎಂದರ್ಥ. ಕಿಟಕಿಗೆ ಹಿಡಿದು ನೋಡಿ. ತೀರಾ ಕಪ್ಪಾಗಿ ಕಾಣುವ ಕಡೆ ನೂಲು ಹೆಚ್ಚಾಗಿದೆ. ಅಂಚಿನ ಕೊಳವೆಗಳು ಕಪ್ಪಾಗಿ, ನಡು ತೆಳುವಾಗಿದ್ದರೆ ಅಂಚು ಒಳಕ್ಕೆ ಎಳೆದು ತಟ್ಟೆಯಾಗುತ್ತದೆ. ಅಂಥ ಕೊಳವೆಗಳಿಂದ ಒಂದೊಂದು ಎಳೆ ಹಿಂದಿನಿಂದ ಹೊರತೆಗೆಯಿರಿ, ಹೊಲಿಗೆ ಮುಟ್ಟಬೇಡಿ. ದಳ, ಎಲೆಗಳಂಥ ಅಗಲ ಜಾಗಕ್ಕೆ ಎಳೆಗಳನ್ನು ಒಂದರ ಪಕ್ಕ ಒಂದು ಉದ್ದುದ್ದಕ್ಕೆ ಎಳೆಯಿರಿ. ನೂಲಿನ ಉಂಡೆ ಮಾಡಿ ತುರುಕಿದರೆ ತೊಳೆದ ಮೇಲೆ ಗಂಟುಗಂಟಾಗಿ ಕಾಣುತ್ತದೆ. ತುಂಬಿದ ದಳವನ್ನು ಬೆರಳಲ್ಲಿ ಒತ್ತಿದರೆ ತಗ್ಗಿ ಮತ್ತೆ ಎದ್ದುಬರಬೇಕು. ಕಲ್ಲಿನಂತಾದರೆ ಹೆಚ್ಚಾಯಿತು. ಬೂತಿ ಕೆಡುವುದು ಹೊಲಿಗೆಯಲ್ಲಿ ಕಡಿಮೆ, ತುಂಬುವ ಕೈಯಲ್ಲೇ ಹೆಚ್ಚು. ಹೊಲಿಯಲು ಹಿಡಿದಷ್ಟು ಹೊತ್ತು ತುಂಬಲೂ ಹಿಡಿಯಲಿ, ಅವಸರ ಬೇಡ.

ಹಿಂಬದಿಯ ತೂತುಗಳು ಮುಚ್ಚುತ್ತಿಲ್ಲ. ನೂಲಿನ ತುದಿಗಳೂ ಇಣುಕುತ್ತಿವೆ. — ಓದುಗರು, ಉಡುಪಿ

ಚೂಪು ಸೂಜಿಯಿಂದ ತುಂಬಿದ್ದೀರಿ ಎನ್ನಿಸುತ್ತದೆ. ಚೂಪು ತುದಿ ಎಳೆಯನ್ನೇ ಸೀಳುತ್ತದೆ, ಸೀಳಿದ ತೂತು ಮುಚ್ಚುವುದಿಲ್ಲ. ಮೊಂಡು ತುದಿ ಹಾಸು-ಹೊಕ್ಕಿನ ಎಳೆಗಳನ್ನು ಪಕ್ಕಕ್ಕೆ ಸರಿಸುತ್ತದಷ್ಟೆ. ತುಂಬಿದ ಮೇಲೆ ನೂಲನ್ನು ಬಟ್ಟೆಗೆ ತಾಗಿದಂತೆ ಕತ್ತರಿಸಿ, ತುದಿಯನ್ನು ಒಳಗೆ ತಳ್ಳಿ, ಸೂಜಿಯ ಮೊನೆಯಿಂದ ತೂತಿನ ಸುತ್ತಲಿನ ಎಳೆಗಳನ್ನು ಎರಡೂ ದಿಕ್ಕಿನಿಂದ ಮೆಲ್ಲಗೆ ಕೆರೆದು ಕೂಡಿಸಿ. ಮಿಕ್ಕಿದ್ದನ್ನು ನೀರು ಮಾಡುತ್ತದೆ: ಉಗುರುಬೆಚ್ಚನೆ ನೀರು, ಸೌಮ್ಯ ಸೋಪು, ಹಿಂಡದೆ ಟವೆಲಿನಲ್ಲಿ ಒತ್ತಿ, ಸಮತಟ್ಟಾಗಿ ಹರಡಿ, ಅಂಚು ನೇರ ಮಾಡಿ ಗುಂಡುಸೂಜಿ ಚುಚ್ಚಿ ಒಣಗಿಸಿ. ಇಸ್ತ್ರಿ ಎಂದೂ ಬೇಡ, ಉಬ್ಬೆಲ್ಲ ಚಪ್ಪಟೆಯಾಗುತ್ತದೆ. ನಿಮ್ಮ ಕರಾವಳಿಯ ಮಳೆಗಾಲದಲ್ಲಿ ಒಳಗಿನ ನೂಲು ಒಣಗುವುದು ನಿಧಾನ. ಮೇಲೆ ಒಣಗಿದಂತೆ ಕಂಡರೂ ಫ್ಯಾನಿನ ಕೆಳಗೆ ಇನ್ನೊಂದು ದಿನ ಬಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ನೀರಿಗೆ ಹೋಗುವ ನೀಲಿ ಪೆನ್ನಿನಿಂದ ಬರೆದಿದ್ದೆ. ಗುರುತು ಹೋಗುತ್ತಿಲ್ಲ. — ಓದುಗರು, ತುಮಕೂರು

ಗುರುತಿನ ಮೇಲೆ ಇಸ್ತ್ರಿ ಅಥವಾ ಬಿಸಿನೀರು ತಾಗಿದೆಯೆ? ಬಿಸಿ ತಾಗಿದರೆ ಆ ಬಣ್ಣ ಕಚ್ಚಿಕೊಳ್ಳುತ್ತದೆ. ತಾಗಿರದಿದ್ದರೆ ಸೋಪು ಹಾಕದೆ ಬರೀ ತಣ್ಣೀರಿನಲ್ಲಿ ಒಂದು ಗಂಟೆ ಪೂರ್ತಿ ಮುಳುಗಿಸಿಡಿ, ನೀರು ಬದಲಿಸಿ ಇನ್ನೊಮ್ಮೆ ಇಡಿ. ಬರೀ ನೀರು ಚಿಮುಕಿಸಿದರೆ ಬಣ್ಣ ಒಳಗಿನ ನೂಲಿಗೆ ಇಳಿದು, ಒಣಗಿದಾಗ ಮತ್ತೆ ಮೇಲೆ ಬರುತ್ತದೆ.

ನಾನು ಆರಿ ವರ್ಕ್ ಮಾಡುತ್ತೇನೆ. ಫ್ರಾನ್ಸಿನ ಲ್ಯೂನೆವಿಲ್ ಕಸೂತಿಯೂ ಇದೇ ಅನ್ನುತ್ತಾರೆ, ನಿಜವೆ? — ಓದುಗರು, ಬೆಂಗಳೂರು

ಮೂಲ ಒಂದೇ. ಫ್ರೇಮಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಸೂಜಿಯಿಂದ ಸರಪಳಿ ಹೊಲಿಗೆ ಹಾಕುವ ವಿದ್ಯೆ 18ನೇ ಶತಮಾನದಲ್ಲಿ ಪೂರ್ವದೇಶಗಳಿಂದ ಯುರೋಪಿಗೆ ಹೋಗಿ ಅಲ್ಲಿನ ಸಿರಿವಂತರ ಮನೆಗಳಲ್ಲಿ ಹವ್ಯಾಸವಾಯಿತು. ಚಿತ್ರಕಾರ ದ್ರೂಎ 1763-64ರಲ್ಲಿ ಬರೆದ, ಫ್ರಾನ್ಸಿನ ದೊರೆ 15ನೇ ಲೂಯಿಯ ಪ್ರೇಯಸಿ ಮದಾಮ್ ದ ಪೋಂಪದೂರ್ ಭಾವಚಿತ್ರದಲ್ಲಿ ಆಕೆ ಕೂತಿರುವುದು ಇಂಥ ಫ್ರೇಮಿನ ಮುಂದೆಯೇ. ಆ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಲ್ಯೂನೆವಿಲ್ ಎಂಬುದು ಲೊರೇನ್ ಪ್ರಾಂತದ ಪಟ್ಟಣ, 19ನೇ ಶತಮಾನದಲ್ಲಿ ಈ ಕೆಲಸಕ್ಕೆ ಹೆಸರಾಯಿತು.

ಮಣಿ ಕೂರಿಸುವ ರೀತಿ ಮಾತ್ರ ಬೇರೆ. ನೀವು ಮಣಿಯನ್ನು ಸೂಜಿಗೇ ಏರಿಸಿಕೊಂಡು ಬಟ್ಟೆಯ ಮೇಲ್ಬದಿಯಲ್ಲಿ ಕೂರಿಸುತ್ತೀರಿ. ಲ್ಯೂನೆವಿಲ್‌ನಲ್ಲಿ ಮಣಿಗಳನ್ನೆಲ್ಲ ಮೊದಲೇ ದಾರಕ್ಕೆ ಪೋಣಿಸಿ ಬಟ್ಟೆಯ ಕೆಳಗೆ ಇಟ್ಟುಕೊಳ್ಳುತ್ತಾರೆ. ಕೆಲಸ ಮಾಡುವವರಿಗೆ ಕಾಣುವುದು ಬಟ್ಟೆಯ ಹಿಂಬದಿ, ಮಣಿ ಕೂರುವುದು ಕೆಳಗೆ. ಎಡಗೈ ಒಂದೊಂದೇ ಮಣಿಯನ್ನು ಬಟ್ಟೆಗೆ ತಾಗಿಸಿಕೊಡಬೇಕು. ಕೊಕ್ಕೆ ಯಾವ ಕಡೆ ಇದೆಯೆಂದು ತಿಳಿಯಲು ಹಿಡಿಯ ಸ್ಕ್ರೂ ಕೊಕ್ಕೆಯ ಬಾಯಿರುವ ದಿಕ್ಕಿಗೇ ಇರುವಂತೆ ಸೂಜಿ ಬಿಗಿಯುತ್ತಾರೆ. ಆರಂಭದಲ್ಲಿ ಕೊಕ್ಕೆ ಬಟ್ಟೆಗೆ ಸಿಕ್ಕಿಕೊಳ್ಳುವುದು ಸಾಮಾನ್ಯ. ಮೇಲೆ ಎಳೆಯುವಾಗ ಸೂಜಿಯ ಬೆನ್ನನ್ನು ತೂತಿನ ಅಂಚಿಗೆ ಒತ್ತಿಹಿಡಿಯಿರಿ, ಬಾಯಿ ಬಟ್ಟೆಗೆ ತಾಗುವುದಿಲ್ಲ. ಮುಗಿಸುವಾಗ ತೀರಾ ಸಣ್ಣ ಮೂರು ಹೊಲಿಗೆ ಹಿಂದುಮುಂದಾಗಿ ಹಾಕಿ ಬಿಗಿಯದಿದ್ದರೆ ಇಡೀ ಸಾಲು ಬಿಚ್ಚಿಕೊಂಡು ಮಣಿಯೆಲ್ಲ ನೆಲಕ್ಕೆ ಬೀಳುತ್ತದೆ.

ಬೂತಿ ಯಾಕೆ ಬಿಳಿಯೇ? ಭಾರತದ ಅಚ್ಚಿನ ಬಟ್ಟೆಗೂ ಪ್ರೊವಾನ್ಸಿಗೂ ನಂಟಿದೆ ಎನ್ನುತ್ತಾರಲ್ಲ? — ಓದುಗರು, ಬೆಳಗಾವಿ

ನಂಟಿದೆ. ಕೋರಮಂಡಲ ಕರಾವಳಿಯ, ಗುಜರಾತಿನ ಬಣ್ಣದ ಹತ್ತಿಬಟ್ಟೆಗಳನ್ನು ಫ್ರೆಂಚರು ಆ್ಯಂದಿಯೆನ್ ಎಂದು ಕರೆದರು. ಮಾರ್ಸೇಯ್ ಬಂದರಿನಲ್ಲಿ ಅವುಗಳಿಗೆ ಭಾರೀ ಬೇಡಿಕೆ. ಫ್ರಾನ್ಸಿನ ರೇಷ್ಮೆ, ಉಣ್ಣೆ ನೇಕಾರರ ಒತ್ತಡಕ್ಕೆ ಮಣಿದು 1686ರಲ್ಲಿ ಸರ್ಕಾರ ಅಂಥ ಬಟ್ಟೆ ತರಿಸುವುದನ್ನೂ ಅಲ್ಲೇ ಅಚ್ಚು ಹಾಕುವುದನ್ನೂ ನಿಷೇಧಿಸಿತು. ಆ ನಿಷೇಧ 1759ರವರೆಗೆ ಇತ್ತು. ಬಿಳಿ ಬಟ್ಟೆಯ ಮೇಲೆ ಬಿಳಿ ದಾರದ ಹೊಲಿಗೆಗೆ ಬಣ್ಣವೂ ಬೇಡ, ಅಚ್ಚೂ ಬೇಡ. ಮಾರ್ಸೇಯ್‌ನ ಹೊಲಿಗೆಯವರು ಮಾಡಿದ ಹೊದಿಕೆ, ಲಂಗ, ಟೊಪ್ಪಿಗೆಗಳು ಹೊರದೇಶಗಳಿಗೂ ಹೋದವು. ಉಬ್ಬುಹೊಲಿಗೆ ಮಾತ್ರ ಅದಕ್ಕಿಂತ ಹಳೆಯದು. 14ನೇ ಶತಮಾನದ ಉತ್ತರಾರ್ಧದಲ್ಲಿ ಸಿಸಿಲಿಯಲ್ಲಿ ಹೊಲಿದ, ಟ್ರಿಸ್ಟನ್ ಎಂಬ ವೀರನ ಹಳೆಯ ಯುರೋಪಿಯನ್ ಕಥೆಯ ಚಿತ್ರಗಳಿರುವ ಹೊದಿಕೆಗಳು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲೂ ಫ್ಲಾರೆನ್ಸಿನಲ್ಲೂ ಉಳಿದಿವೆ.

ಪ್ರೊವಾನ್ಸಿನ ಮನೆಗಳಲ್ಲಿ ಮದುವೆಗೆ ಬೂತಿಯ ಹೊದಿಕೆ, ಮಗುವಿಗೆ ಪೆತಸೂನ್ ಸಿದ್ಧವಾಗುತ್ತಿದ್ದವು. ಪೆತಸೂನ್ ಎಂದರೆ ಕೂಸನ್ನು ಎತ್ತಿಕೊಳ್ಳುವಾಗ ಮಡಿಲಿಗೆ ಹಾಸುವ ಸಣ್ಣ ಚೌಕ. ನೂಲು ತುಂಬಿದ ಬಟ್ಟೆ ಒದ್ದೆಯನ್ನು ಹೀರಿ ಉಟ್ಟಬಟ್ಟೆ ಉಳಿಸುತ್ತಿತ್ತು.

ಕೆಲಸದ ಮೇಲೆ ಲಿಯೋನ್‌ನಲ್ಲಿದ್ದೇನೆ. ಹಳೆಯ ಬೂತಿ ಎಲ್ಲಿ ನೋಡಬಹುದು? — ಕನ್ನಡಿಗ ಓದುಗರು, ಫ್ರಾನ್ಸ್

ಮೊದಲು ನೀಮ್ ಹತ್ತಿರದ ಕಾಲ್ವಿಸೋನ್‌ಗೆ ಹೋಗಿ, ಅಲ್ಲಿ ಬೂತಿಗೆಂದೇ ಮೇಜೋನ್ ದ್ಯೂ ಬೂತಿ ಎಂಬ ಸಂಗ್ರಹಾಲಯವಿದೆ. ಗ್ರಾಸ್ ಪಟ್ಟಣದ ಪ್ರೊವಾನ್ಸಲ್ ಉಡುಪು-ಒಡವೆಗಳ ಸಂಗ್ರಹಾಲಯದಲ್ಲಿ ಹೊಲಿಗೆಯ ಲಂಗಗಳನ್ನು ನೋಡಬಹುದು. ಅಚ್ಚಿನ ಬಟ್ಟೆಯ ಆಸಕ್ತಿ ಇದ್ದರೆ ಮ್ಯೂಲೂಸ್‌ನ ಮುದ್ರಿತ ಬಟ್ಟೆಗಳ ಸಂಗ್ರಹಾಲಯ. ನಮ್ಮ ಅಂಗಡಿಗಳಲ್ಲೂ ಸಿಗುವ ಡಿಎಂಸಿ ದಾರದ ಕಂಪನಿ 1746ರಲ್ಲಿ ಆ ಊರಿನಲ್ಲೇ, ಬಟ್ಟೆಗೆ ಅಚ್ಚು ಹಾಕುವ ಉದ್ಯಮವಾಗಿ ಆರಂಭವಾಯಿತು. ಮ್ಯೂಲೂಸ್ ಆಗ ಫ್ರಾನ್ಸಿಗೆ ಸೇರಿರಲಿಲ್ಲ, ಹಾಗಾಗಿ ನಿಷೇಧ ಅಲ್ಲಿ ನಡೆಯುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಹೋಗುವುದಾದರೆ ಅಲ್ಸಾಸ್‌ನ ಸೇಂತ್-ಮರಿ-ಓ-ಮೀನ್‌ನಲ್ಲಿ ಯುರೋಪಿನ ಪ್ಯಾಚ್‌ವರ್ಕ್ ಮೇಳವೂ ಸಿಗುತ್ತದೆ, ಊರಿನ ಚರ್ಚುಗಳಲ್ಲೂ ಸಭಾಂಗಣಗಳಲ್ಲೂ ಕ್ವಿಲ್ಟುಗಳನ್ನು ತೂಗುಹಾಕಿರುತ್ತಾರೆ. ಸಂಗ್ರಹಾಲಯದಲ್ಲಿ ಹಿಂಬದಿ ತೋರಿಸಲು ಸಾಧ್ಯವೇ ಎಂದು ಕೇಳಿ. ಅನುಮತಿ ಸಿಕ್ಕರೆ ಫೋಟೋ ತೆಗೆದು ನಮಗೂ ಕಳಿಸಿ. ತುಂಬಿದ ತೂತುಗಳನ್ನು ಹಳಬರು ಹೇಗೆ ಮುಚ್ಚಿದ್ದಾರೆಂದು ಉಡುಪಿಯ ಓದುಗರೂ ನೋಡಲಿ.